ನೇಪಾಳದ ಬಾಲಗೃಹಗಳಿಗೆ ನೆರವಾಗಲು ಹೊರಡುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಕಠ್ಮಂಡುವಿಗೆ ಹೋಗುವ ಕನ್ನಡಿಗರಿಗೆ ಆ ಊರು ಪೂರ್ತಿ ಪರದೇಶವೆನಿಸುವುದಿಲ್ಲ. ಪಶುಪತಿನಾಥನ ಗರ್ಭಗುಡಿಯಲ್ಲಿ ಪೂಜೆ ಮಾಡುವ ಭಟ್ಟರು ಕರ್ನಾಟಕ ಮೂಲದವರು. ಭಾರತೀಯರಿಗೆ ವೀಸಾ ಬೇಕಿಲ್ಲ, ಬೀದಿಯ ಫಲಕಗಳ ದೇವನಾಗರಿ ಲಿಪಿಯನ್ನು ಓದಬಹುದು, ಕಿವಿಗೆ ಬೀಳುವ ಮಾತಿನಲ್ಲಿ ಅರ್ಧದಷ್ಟು ಪದಗಳು ಸಂಸ್ಕೃತದಿಂದಲೋ ಹಿಂದಿಯಿಂದಲೋ ಪರಿಚಿತವಾಗಿರುತ್ತವೆ. ಹೀಗಿರುವುದರಿಂದ ಮುಕ್ತಿನಾಥದ ಯಾತ್ರೆಗೋ ಪೋಖರಾದ ಪ್ರವಾಸಕ್ಕೋ ಹೋದವರಲ್ಲಿ ಅನೇಕರಿಗೆ, ವಿಶೇಷವಾಗಿ ಕೆಲಸಕ್ಕೆ ಸೇರುವ ಮುನ್ನ ಒಂದೆರಡು ತಿಂಗಳ ಬಿಡುವಿರುವ ಯುವಕ ಯುವತಿಯರಿಗೆ ಮತ್ತು ನಿವೃತ್ತರಾದ ಶಿಕ್ಷಕರಿಗೆ, ಅಲ್ಲಿನ ಒಂದು ಅನಾಥಾಲಯದಲ್ಲಿ ಕೆಲವು ದಿನ ಸೇವೆ ಮಾಡಿ ಬರಬೇಕೆಂಬ ಆಸೆ ಹುಟ್ಟುವುದು ಸಹಜ. ಆ ಆಸೆಯನ್ನು ನಾನು ಗೌರವಿಸುತ್ತೇನೆ. ಆದರೆ ನೇಪಾಳದಲ್ಲಿ ಅದೇ ಆಸೆ ಕಳೆದ ಮೂರು ದಶಕಗಳಲ್ಲಿ ಸಾವಿರಾರು ಮಕ್ಕಳನ್ನು ತಂದೆತಾಯಿಯರಿಂದ ದೂರಮಾಡಿದ ಒಂದು ವ್ಯಾಪಾರಕ್ಕೆ ಬಂಡವಾಳವೂ ಆಗಿದೆ. ಆದ್ದರಿಂದ ಹೋಗುವ ದಾರಿಯನ್ನು ತೋರಿಸುವ ಮೊದಲು, ಯಾವ ದಾರಿಯಲ್ಲಿ ಹೋಗಬಾರದು ಎಂಬುದನ್ನೂ ಈ ಬರಹ ವಿವರವಾಗಿ ಹೇಳಬೇಕಾಗಿದೆ.

ಮೊದಲ ಹೆಜ್ಜೆ: ‘ಅನಾಥ’ ಎಂಬ ಮಾತನ್ನು ಪರೀಕ್ಷಿಸಿ

ಲೋಕದಾದ್ಯಂತ ಅನಾಥಾಲಯಗಳೆಂದು ಕರೆಸಿಕೊಳ್ಳುವ ಸಂಸ್ಥೆಗಳಲ್ಲಿರುವ ಐದು ಮಕ್ಕಳಲ್ಲಿ ಸುಮಾರು ನಾಲ್ವರಿಗೆ ತಂದೆ ಅಥವಾ ತಾಯಿ, ಕೆಲವೊಮ್ಮೆ ಇಬ್ಬರೂ, ಬದುಕಿದ್ದಾರೆ ಎಂಬುದು ಮಕ್ಕಳ ಹಕ್ಕುಗಳ ಸಂಸ್ಥೆಗಳು ಬಹುಕಾಲದಿಂದ ಹೇಳುತ್ತ ಬಂದಿರುವ ಅಂದಾಜು. ನೇಪಾಳದ ಸ್ಥಿತಿ ಇದಕ್ಕೆ ಹೊರತಲ್ಲ. ಹಾಗಾದರೆ ಆ ಮಕ್ಕಳು ಅಲ್ಲಿಗೆ ಬಂದದ್ದು ಹೇಗೆ?

1996ರಿಂದ 2006ರವರೆಗೆ ನೇಪಾಳದಲ್ಲಿ ಮಾವೋವಾದಿ ಬಂಡಾಯದ ಅಂತರ್ಯುದ್ಧ ನಡೆಯಿತು. ಟಿಬೆಟಿನ ಗಡಿಗೆ ಒತ್ತಿಕೊಂಡಿರುವ ಹುಮ್ಲಾದಂಥ ಜಿಲ್ಲೆಗಳಲ್ಲಿ ಶಾಲೆಗಳು ನಡೆಯುವುದೇ ಕಷ್ಟವಾಗಿತ್ತು, ಬಂಡಾಯದ ಪಡೆಗೆ ಮಕ್ಕಳನ್ನು ಎಳೆದೊಯ್ಯುವ ಭಯವೂ ಇತ್ತು. ಆಗ ಹಳ್ಳಿಗಳಿಗೆ ಬಂದ ದಲ್ಲಾಳಿಗಳು, ಕಠ್ಮಂಡುವಿನ ಒಳ್ಳೆಯ ಬೋರ್ಡಿಂಗ್ ಶಾಲೆಗೆ ಸೇರಿಸುತ್ತೇವೆಂದು ನಂಬಿಸಿ ಮಕ್ಕಳನ್ನು ಕರೆದೊಯ್ದರು. ತಂದೆತಾಯಿಗಳು ಹೊಲವನ್ನೋ ದನವನ್ನೋ ಮಾರಿ ಆ ದಲ್ಲಾಳಿಗಳಿಗೆ ಹಣ ಕೊಟ್ಟರು. ಕಠ್ಮಂಡು ತಲುಪುವಷ್ಟರಲ್ಲಿ ಹಲವು ಮಕ್ಕಳ ಹೆಸರು ಬದಲಾಗಿತ್ತು, ತಂದೆತಾಯಿ ಸತ್ತಿದ್ದಾರೆಂಬ ಸುಳ್ಳು ಕಾಗದಗಳು ಹುಟ್ಟಿದ್ದವು, ಮತ್ತು ಆ ಕಾಗದಗಳನ್ನು ನೋಡಿ ಮರುಗಿದ ವಿದೇಶಿಯರ ದೇಣಿಗೆ ಬರತೊಡಗಿತ್ತು. ಯುದ್ಧ ಮುಗಿದ ಮೇಲೂ ಈ ದಂಧೆ ನಿಲ್ಲಲಿಲ್ಲ. 77 ಜಿಲ್ಲೆಗಳಿರುವ ದೇಶದಲ್ಲಿ ಬಾಲಗೃಹಗಳ ಬಹುಪಾಲು ಕಠ್ಮಂಡು, ಲಲಿತಪುರ, ಭಕ್ತಪುರ, ಪೋಖರಾ ಇರುವ ಕಾಸ್ಕಿ ಹಾಗೂ ಚಿತವನ್ ಜಿಲ್ಲೆಗಳಲ್ಲಿ, ಅಂದರೆ ಪ್ರವಾಸಿಗರು ಓಡಾಡುವ ಜಿಲ್ಲೆಗಳಲ್ಲಿಯೇ ತುಂಬಿಕೊಂಡಿವೆ. ಬಡತನ ಹೆಚ್ಚಿರುವುದು ದೂರದ ಪಶ್ಚಿಮದ ಬೆಟ್ಟಗಳಲ್ಲಿ. ಅನಾಥಾಲಯಗಳು ಹೆಚ್ಚಿರುವುದು ಹೋಟೆಲುಗಳ ಸುತ್ತ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಎಲ್ಲ ಹೆಜ್ಜೆಗಳೂ ತಾವಾಗಿ ಅರ್ಥವಾಗುತ್ತವೆ.

ಕನ್ನಡಿಗರು ಇದನ್ನು ಸುಲಭವಾಗಿ ಗ್ರಹಿಸಬಲ್ಲರು ಎಂಬುದು ನನ್ನ ಭಾವನೆ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳು ಉಚಿತವಾಗಿ ಊಟ, ವಸತಿ, ಶಿಕ್ಷಣ ಪಡೆಯುತ್ತಾರೆ. ಅವರಲ್ಲಿ ಬಹಳಷ್ಟು ಮಕ್ಕಳು ಬಡ ರೈತರ, ಕೂಲಿಕಾರರ ಮಕ್ಕಳು. ಅವರನ್ನು ನಾವು ಯಾರೂ ಅನಾಥರೆಂದು ಕರೆಯುವುದಿಲ್ಲ. ರಜೆ ಬಂದಾಗ ಅವರು ಟ್ರಂಕು ಹೊತ್ತು ಊರಿಗೆ ಹೋಗುತ್ತಾರೆ. ನೇಪಾಳದ ಬಾಲಗೃಹಗಳ ಮಕ್ಕಳಲ್ಲಿ ಹೆಚ್ಚಿನವರೂ ಓದಿಗಾಗಿ ಮನೆ ಬಿಟ್ಟವರೇ, ಆದರೆ ಅವರಿಗೆ ಊರಿಗೆ ಮರಳುವ ದಾರಿಯನ್ನು ಮುಚ್ಚಲಾಗಿರುತ್ತದೆ.

2015ರ ಏಪ್ರಿಲ್ 25ರ ಭೂಕಂಪದಲ್ಲಿ ಸುಮಾರು 9,000 ಜನ ತೀರಿಹೋದಾಗ, ನೆರವಿನ ಹೊಳೆಯ ಜೊತೆಗೆ ದಲ್ಲಾಳಿಗಳೂ ಹಳ್ಳಿಗಳಿಗೆ ಇಳಿದಾರೆಂದು ನೇಪಾಳ ಸರ್ಕಾರಕ್ಕೆ ತಿಳಿದಿತ್ತು. ಹೊಸ ಬಾಲಗೃಹಗಳ ನೋಂದಣಿಯನ್ನು ತಡೆಹಿಡಿದು, ಪೋಷಕರಾಗಲಿ ಸರಿಯಾದ ಅನುಮತಿಯಾಗಲಿ ಇಲ್ಲದೆ ಮಕ್ಕಳನ್ನು ಜಿಲ್ಲೆಯಿಂದ ಹೊರಗೆ ಕರೆದೊಯ್ಯದಂತೆ ಅದು ನಿರ್ಬಂಧಿಸಿತು. 2018ರಲ್ಲಿ ಬಂದ ಮಕ್ಕಳ ಕಾಯ್ದೆ, ಮಗುವಿಗೆ ಮೊದಲು ಬಂಧುಗಳ ಮನೆ, ಆಮೇಲೆ ಸಾಕು ಕುಟುಂಬ, ಇವೆರಡೂ ಸಾಧ್ಯವಾಗದಿದ್ದರೆ ಮಾತ್ರ ಬಾಲಗೃಹ ಎಂಬ ಕ್ರಮವನ್ನು ಹಾಕಿಕೊಟ್ಟಿದೆ. ನಮ್ಮ 2015ರ ಬಾಲನ್ಯಾಯ ಕಾಯ್ದೆಯ ತತ್ವವೂ ಇದೇ.

ಎರಡನೆಯ ಹೆಜ್ಜೆ: ನಿಮ್ಮ ಸಮಯವನ್ನೂ ಕೌಶಲವನ್ನೂ ಪ್ರಾಮಾಣಿಕವಾಗಿ ಅಳೆಯಿರಿ

ಎರಡು ವಾರಕ್ಕೊಬ್ಬರಂತೆ ಸ್ವಯಂಸೇವಕರು ಬಂದುಹೋಗುವ ಒಂದು ಬಾಲಗೃಹವನ್ನು ಊಹಿಸಿಕೊಳ್ಳಿ. ವರ್ಷಕ್ಕೆ 26 ಜನ. ಐದನೆಯ ವಯಸ್ಸಿನಲ್ಲಿ ಒಳಗೆ ಬಂದು ಹದಿನೈದರಲ್ಲಿ ಹೊರಹೋಗುವ ಮಗುವಿನ ಬದುಕಿನಲ್ಲಿ 260 ಮಂದಿ ‘ಅಕ್ಕ’ ‘ಅಣ್ಣ’ಗಳು ಬಂದು, ತಬ್ಬಿಕೊಂಡು, ಅತ್ತು, ಹೊರಟುಹೋಗಿರುತ್ತಾರೆ. ಚಿಕ್ಕ ಮಗುವಿಗೆ ದಿನವೂ ಕಾಣುವ, ಕರೆದಾಗ ಬರುವ, ರಾತ್ರಿ ಜ್ವರ ಬಂದರೆ ಹಣೆ ಮುಟ್ಟುವ ಒಂದೆರಡು ಸ್ಥಿರವಾದ ಮುಖಗಳು ಬೇಕು. ಹೊಸಬರು ಬಾಗಿಲಿಗೆ ಬಂದೊಡನೆ ಓಡಿಬಂದು ಮಡಿಲೇರುವ ಮಗುವನ್ನು ನೋಡಿ ನಾವು ‘ಎಷ್ಟು ಪ್ರೀತಿಯ ಮಗು’ ಎನ್ನುತ್ತೇವೆ. ಆದರೆ ಮನೆಯಲ್ಲಿ ಬೆಳೆದ ಮಗು ಅಪರಿಚಿತರನ್ನು ಕಂಡರೆ ಅಮ್ಮನ ಸೆರಗಿನ ಹಿಂದೆ ಅಡಗುತ್ತದೆ. ಯಾರ ಮಡಿಲನ್ನಾದರೂ ಏರುವುದು ಅನೇಕ ವೇಳೆ ತನ್ನದೆಂಬ ಮಡಿಲು ಇಲ್ಲದಿರುವುದರ ಗುರುತು.

ಆದ್ದರಿಂದ ನನ್ನ ಸ್ಪಷ್ಟ ಸಲಹೆ ಇದು: ಆರು ತಿಂಗಳಿಗಿಂತ ಕಡಿಮೆ ಸಮಯವಿರುವವರು ಮಕ್ಕಳ ನೇರ ಆರೈಕೆಯ ಕೆಲಸವನ್ನು ಒಪ್ಪಿಕೊಳ್ಳಬಾರದು. ಹೆಚ್ಚು ಸಮಯವಿದ್ದರೂ, ಸಮಾಜಕಾರ್ಯ, ಮಕ್ಕಳ ಮನಶ್ಶಾಸ್ತ್ರ, ವಿಶೇಷ ಶಿಕ್ಷಣ, ಶುಶ್ರೂಷೆಯಂಥ ವಿಷಯಗಳಲ್ಲಿ ತರಬೇತಿ ಇಲ್ಲದವರು ಒಪ್ಪಿಕೊಳ್ಳಬಾರದು. ಸಂದೇಹವಾದರೆ ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದೇ ಅರ್ಹತೆಯಿಂದ ನನ್ನನ್ನು ಬೆಂಗಳೂರಿನ ಒಂದು ಸರ್ಕಾರಿ ಬಾಲಮಂದಿರದ ಮಕ್ಕಳ ಕೋಣೆಗೆ ಬಿಡುತ್ತಾರೆಯೇ? ಇಲ್ಲಿ ಸಲ್ಲದ ಅರ್ಹತೆ ಗಡಿ ದಾಟಿದೊಡನೆ ಸಲ್ಲುವುದಿಲ್ಲ.

ಮೂರನೆಯ ಹೆಜ್ಜೆ: ಸರಿಯಾದ ಕೆಲಸವನ್ನು ಆರಿಸಿಕೊಳ್ಳಿ

ಮಕ್ಕಳ ನೇರ ಆರೈಕೆಯನ್ನು ಬಿಟ್ಟರೆ ಮಾಡುವುದೇನು ಎಂದು ನಿರಾಶರಾಗಬೇಕಿಲ್ಲ. ಒಳ್ಳೆಯ ಸಂಸ್ಥೆಗಳಿಗೆ ಬೇಕಾದ ಕೆಲಸ ಬೆಟ್ಟದಷ್ಟಿದೆ, ಮತ್ತು ಅದರಲ್ಲಿ ಬಹುಪಾಲು ಮಕ್ಕಳ ಕಣ್ಣಿಗೆ ಬೀಳದ ಕೆಲಸ.

ಲೆಕ್ಕಪತ್ರ ಬಲ್ಲವರು ಸಂಸ್ಥೆಯ ವರ್ಷದ ಲೆಕ್ಕವನ್ನು ಆಡಿಟ್‌ಗೆ ಸಿದ್ಧಪಡಿಸಿಕೊಡಬಹುದು. ಕಂಪ್ಯೂಟರ್ ಬಲ್ಲವರು ಪ್ರತಿ ಮಗುವಿನ ಕಡತವನ್ನು ಸುರಕ್ಷಿತವಾಗಿ ಇಡುವ ವ್ಯವಸ್ಥೆ ಮಾಡಿಕೊಡಬಹುದು. ಊರು, ತಂದೆತಾಯಿಯ ಹೆಸರು, ಜನ್ಮ ದಾಖಲೆ, ಶಾಲೆಯ ದಾಖಲೆ, ಕುಟುಂಬ ಭೇಟಿಯ ವರದಿ ಎಲ್ಲವೂ ಒಂದೆಡೆ ಇದ್ದರೆ ಮಗುವನ್ನು ಮನೆಗೆ ಕಳುಹಿಸುವ ಕೆಲಸ ತಿಂಗಳುಗಟ್ಟಲೆ ಬೇಗ ಆಗುತ್ತದೆ. ಈ ಕಾಗದಗಳ ಮಹತ್ವವನ್ನು ಹೊರಗಿನವರು ಅರಿಯುವುದು ಕಡಿಮೆ. ನೇಪಾಳದಲ್ಲಿ 16 ವರ್ಷ ತುಂಬಿದವರು ‘ನಾಗರಿಕತಾ’ ಎಂಬ ಪೌರತ್ವ ಪ್ರಮಾಣಪತ್ರವನ್ನು ಪಡೆಯಬೇಕು. ಬ್ಯಾಂಕ್ ಖಾತೆ, ಸರ್ಕಾರಿ ಕೆಲಸ, ಪಾಸ್‌ಪೋರ್ಟ್ ಎಲ್ಲಕ್ಕೂ ಅದೇ ಆಧಾರ, ಮತ್ತು ಅದನ್ನು ಪಡೆಯಲು ಸಾಮಾನ್ಯವಾಗಿ ತಂದೆ ಅಥವಾ ತಾಯಿಯ ಪ್ರಮಾಣಪತ್ರ ತೋರಿಸಬೇಕು. ಹೆಸರು ಬದಲಿಸಿ ‘ಅನಾಥ’ ಮಾಡಲಾದ ಹುಡುಗ ಹದಿನೆಂಟಕ್ಕೆ ಹೊರಬಿದ್ದಾಗ ತನ್ನ ದೇಶದಲ್ಲಿಯೇ ಗುರುತಿಲ್ಲದವನಾಗಿ ನಿಲ್ಲುತ್ತಾನೆ. ಒಂದು ಕಡತವನ್ನು ಸರಿಪಡಿಸಿದ ಸ್ವಯಂಸೇವಕರು ಅವನಿಗೆ ಮಾಡಿದ ಉಪಕಾರ, ನೂರು ದಿನ ಇಂಗ್ಲಿಷ್ ಹಾಡು ಕಲಿಸಿದ್ದಕ್ಕಿಂತ ದೊಡ್ಡದು.

ಶಿಕ್ಷಕರಾಗಿದ್ದವರು ಮಕ್ಕಳಿಗೆ ಪಾಠ ಹೇಳುವ ಬದಲು ಸ್ಥಳೀಯ ಶಾಲೆಯ ಶಿಕ್ಷಕರೊಂದಿಗೆ ಕುಳಿತು ಕಲಿಕಾ ಸಾಮಗ್ರಿ ತಯಾರಿಸಬಹುದು. ದಾದಿಯರು, ಫಿಸಿಯೋಥೆರಪಿ ಬಲ್ಲವರು ಅಲ್ಲಿನ ಸಿಬ್ಬಂದಿಗೆ ತರಬೇತಿ ಕೊಡಬಹುದು. ಅಂಗವೈಕಲ್ಯವಿರುವ ಮಕ್ಕಳನ್ನು ಮನೆಯಲ್ಲಿಯೇ ನೋಡಿಕೊಳ್ಳುವ ಬಗೆಯನ್ನು ಹಳ್ಳಿಯ ತಾಯಂದಿರಿಗೆ ಕಲಿಸುವ ಯೋಜನೆಗಳಲ್ಲಿ ಇಂಥವರಿಗೆ ಬೇಡಿಕೆ ಹೆಚ್ಚು. ಗೋಡೆಗೆ ಬಣ್ಣ ಬಳಿಯುವ, ಗಾರೆ ಹಾಕುವ ಕೆಲಸವನ್ನು ಮಾತ್ರ ಸ್ಥಳೀಯ ಕೂಲಿಯವರಿಗೆ ಬಿಡಿ. ನಿಮ್ಮ ಪ್ರಯಾಣದ ಖರ್ಚಿನಲ್ಲಿ ಅವರಿಗೆ ಎಷ್ಟೋ ದಿನದ ಕೆಲಸ ಸಿಗುತ್ತದೆ.

ನಾಲ್ಕನೆಯ ಹೆಜ್ಜೆ: ಸಂಸ್ಥೆಯನ್ನು ಪರಿಶೀಲಿಸಿ

ಇಲ್ಲಿ ಆತುರಪಡಬೇಡಿ, ಎರಡು ತಿಂಗಳು ಹಿಡಿದರೂ ಸರಿ. ಸಂಸ್ಥೆಯ ನೋಂದಣಿಯ ಪ್ರತಿಯನ್ನು ಕೇಳಿ, ಅದು ಚಾಲ್ತಿಯಲ್ಲಿದೆಯೇ ಎಂದು ಅದು ಇರುವ ಪಾಲಿಕೆಯಲ್ಲಿ, ಅಂದರೆ ಅಲ್ಲಿನ ಸ್ಥಳೀಯ ಸರ್ಕಾರದ ಕಚೇರಿಯಲ್ಲಿ, ಮತ್ತು ಕಠ್ಮಂಡುವಿನ ರಾಷ್ಟ್ರೀಯ ಬಾಲ ಅಧಿಕಾರ ಪರಿಷತ್ತಿನಲ್ಲಿ, ಅಂದರೆ ಮಕ್ಕಳ ಹಕ್ಕುಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯಲ್ಲಿ, ವಿಚಾರಿಸಿ. ವಿದೇಶದ ಹಣ ಪಡೆಯುವ ಸಂಸ್ಥೆಯಾದರೆ ಸಮಾಜ ಕಲ್ಯಾಣ ಪರಿಷತ್ತಿನೊಂದಿಗೆ ಅದರ ಸಂಬಂಧವೇನೆಂದು ಕೇಳಿ. ನೋಂದಣಿ ಇರುವುದು ಅಗತ್ಯ, ಆದರೆ ಅದೊಂದೇ ಸಾಲದು. ನೋಂದಣಿ ಇದ್ದೂ ಮಕ್ಕಳನ್ನು ಕೆಟ್ಟದಾಗಿ ನಡೆಸಿಕೊಂಡ ಸಂಸ್ಥೆಗಳಿವೆ.

ಆಮೇಲೆ ಬರಹದಲ್ಲಿಯೇ ಕೆಲವು ಪ್ರಶ್ನೆಗಳನ್ನು ಕಳುಹಿಸಿ. ನಿಮ್ಮಲ್ಲಿ ಎಷ್ಟು ಮಕ್ಕಳಿದ್ದಾರೆ, ಅವರಲ್ಲಿ ಎಷ್ಟು ಜನರ ತಂದೆತಾಯಿ ಅಥವಾ ಬಂಧುಗಳು ಪತ್ತೆಯಾಗಿದ್ದಾರೆ? ಕಳೆದ ವರ್ಷ ಎಷ್ಟು ಮಕ್ಕಳು ಮನೆಗೆ ಮರಳಿದರು, ಮರಳಿದ ಮೇಲೆ ಅವರನ್ನು ಯಾರು ಹೋಗಿ ನೋಡಿ ಬರುತ್ತಾರೆ? ರಾತ್ರಿ ಮಕ್ಕಳೊಂದಿಗೆ ಮಲಗುವ ಸಿಬ್ಬಂದಿ ಯಾರು, ಅವರು ಎಷ್ಟು ವರ್ಷದಿಂದ ಇದ್ದಾರೆ? ಮಕ್ಕಳ ರಕ್ಷಣೆಯ ಲಿಖಿತ ನಿಯಮಗಳಿವೆಯೇ? ಇವುಗಳ ಜೊತೆಗೆ ನಾನು ತಪ್ಪದೆ ಸೇರಿಸುವ ಒಂದು ಪ್ರಶ್ನೆಯಿದೆ: ದಶೈಂ ಹಬ್ಬಕ್ಕೆ ಮಕ್ಕಳು ಎಲ್ಲಿಗೆ ಹೋಗುತ್ತಾರೆ? ನಮ್ಮ ನವರಾತ್ರಿಯ ಹೊತ್ತಿಗೆ ಬರುವ ದಶೈಂ ನೇಪಾಳಿಗಳಿಗೆ ವರ್ಷದ ದೊಡ್ಡ ಹಬ್ಬ. ಕಠ್ಮಂಡು ಅರ್ಧ ಖಾಲಿಯಾಗುತ್ತದೆ, ಹಿರಿಯರ ಕೈಯಿಂದ ಹಣೆಗೆ ಟೀಕಾ ಹಚ್ಚಿಸಿಕೊಳ್ಳಲು ಜನ ಬಸ್ಸಿನ ಮೇಲೇರಿ ಊರಿಗೆ ಹೋಗುತ್ತಾರೆ. ‘ನಲವತ್ತರಲ್ಲಿ ಮೂವತ್ತು ಮಕ್ಕಳು ಊರಿಗೆ ಹೋಗುತ್ತಾರೆ, ಉಳಿದವರನ್ನು ಸಿಬ್ಬಂದಿ ತಮ್ಮ ಮನೆಗೆ ಕರೆದೊಯ್ಯುತ್ತಾರೆ’ ಎಂಬಂಥ ಉತ್ತರ ಬಂದರೆ ಆ ಸಂಸ್ಥೆಗೆ ಮಕ್ಕಳ ಊರು ಗೊತ್ತಿದೆ ಎಂದಾಯಿತು. ‘ಎಲ್ಲರೂ ಇಲ್ಲಿಯೇ ಇರುತ್ತಾರೆ, ಹಬ್ಬಕ್ಕೆ ವಿದೇಶಿ ಅತಿಥಿಗಳು ಬರುತ್ತಾರೆ’ ಎಂದರೆ ಅಲ್ಲಿಗೆ ಹೋಗಬೇಡಿ.

ಸಂಸ್ಥೆ ನಿಮ್ಮನ್ನು ಪ್ರಶ್ನಿಸುವ ರೀತಿಯೂ ಒಂದು ಪರೀಕ್ಷೆಯೇ. ಪೊಲೀಸ್ ಪರಿಶೀಲನಾ ಪ್ರಮಾಣಪತ್ರ, ಇಬ್ಬರ ಶಿಫಾರಸು ಪತ್ರ, ಸಂದರ್ಶನ, ನಡವಳಿಕೆಯ ನಿಯಮಗಳಿಗೆ ಸಹಿ ಇವನ್ನೆಲ್ಲ ಕೇಳುವ ಸಂಸ್ಥೆಯ ಮೇಲೆ ಬೇಸರಪಡಬೇಡಿ. ಅದು ಮಕ್ಕಳನ್ನು ಕಾಯುತ್ತಿದೆ. ಹಣ ಕಟ್ಟಿ ನಾಳೆಯೇ ಬನ್ನಿ ಎನ್ನುವ, ಮಕ್ಕಳಿಂದ ಸ್ವಾಗತ ನೃತ್ಯ ಮಾಡಿಸುವ, ದಾರಿಹೋಕ ಪ್ರವಾಸಿಗರಿಗೂ ಬಾಗಿಲು ತೆರೆದಿಡುವ, ಮಕ್ಕಳ ಮುಖ ಹೆಸರುಗಳನ್ನು ಹಾಕಿ ದೇಣಿಗೆ ಕೇಳುವ ಸಂಸ್ಥೆಗಳಿಂದ ದೂರವಿರಿ. ವರ್ಷಗಟ್ಟಲೆ ದೇಣಿಗೆ ಬಂದರೂ ಹರಿದ ಹಾಸಿಗೆ, ಬರಿಗಾಲ ಮಕ್ಕಳು ಹಾಗೆಯೇ ಇದ್ದರೆ, ಅಲ್ಲಿ ಬಡತನವನ್ನು ಪ್ರದರ್ಶನಕ್ಕೆ ಇಟ್ಟಿರುವ ಸಾಧ್ಯತೆಯನ್ನು ಪರಿಗಣಿಸಿ.

ಐದನೆಯ ಹೆಜ್ಜೆ: ಹಣದ ದಾರಿ

ಸ್ವಯಂಸೇವಕರನ್ನು ಕಳುಹಿಸುವ ಏಜೆನ್ಸಿಗಳು ಶುಲ್ಕ ಕೇಳುತ್ತವೆ. ಅದರಲ್ಲಿ ವಸತಿಗೆಷ್ಟು, ಏಜೆನ್ಸಿಗೆಷ್ಟು, ಸಂಸ್ಥೆಗೆಷ್ಟು ಎಂಬ ವಿವರವನ್ನು ಬರಹದಲ್ಲಿ ಕೇಳಿ, ಕೊಡದಿದ್ದರೆ ಬಿಟ್ಟುಬಿಡಿ. ಒಂದು ಭಾರತೀಯ ರೂಪಾಯಿಗೆ 1.60 ನೇಪಾಳಿ ರೂಪಾಯಿ ಎಂಬ ದರ 1993ರಿಂದ ಸ್ಥಿರವಾಗಿರುವುದರಿಂದ ಅಲ್ಲಿನ ಬೆಲೆಗಳೊಂದಿಗೆ ಹೋಲಿಸಿ ನೋಡುವುದು ಕಷ್ಟವಲ್ಲ. ದೇಣಿಗೆಯನ್ನು ವ್ಯಕ್ತಿಯ ಕೈಗೆ ನಗದಾಗಿ ಕೊಡಬೇಡಿ, ಸಂಸ್ಥೆಯ ಬ್ಯಾಂಕ್ ಖಾತೆಗೆ ಕೊಟ್ಟು ರಸೀದಿ ಪಡೆಯಿರಿ. ವಿದೇಶಿ ಸಂಸ್ಥೆಗೆ ನೇರವಾಗಿ ಕೊಟ್ಟ ದೇಣಿಗೆಗೆ ನಮ್ಮ ಆದಾಯ ತೆರಿಗೆಯ 80ಜಿ ವಿನಾಯಿತಿ ಸಿಗುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮಕ್ಕಳ ತಲೆಯೆಣಿಕೆಯ ಮೇಲೆ ಹಣ ಕೊಡಬೇಡಿ. ತಲೆಗಿಷ್ಟು ಎಂದು ಕೊಟ್ಟರೆ ತಲೆಗಳನ್ನು ಹೆಚ್ಚಿಸುವವರು ಹುಟ್ಟುತ್ತಾರೆ. ಮನೆಗೆ ಮರಳಿದ ಮಗುವಿನ ಶಾಲಾ ಖರ್ಚು, ಕುಟುಂಬ ಭೇಟಿಗೆ ಹೋಗುವ ಸಮಾಜಕಾರ್ಯಕರ್ತರ ಸಂಬಳ, ತಾಯಿಯೊಬ್ಬಳ ಮೇಕೆ ಸಾಕಣೆಗೆ ಬೇಕಾದ ಬಂಡವಾಳ ಇಂಥವಕ್ಕೆ ಕೊಡಿ.

ಆರನೆಯ ಹೆಜ್ಜೆ: ಕಾಗದಪತ್ರ ಮತ್ತು ಸಿದ್ಧತೆ

ಭಾರತೀಯ ಪ್ರಜೆಗಳು ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಮತದಾರರ ಗುರುತಿನ ಚೀಟಿಯನ್ನು ಒಯ್ಯಬೇಕು. ಅಮೆರಿಕ, ಬ್ರಿಟನ್ ಮುಂತಾದ ದೇಶಗಳ ಪೌರತ್ವ ಪಡೆದಿರುವ ಕನ್ನಡಿಗರು ಒಂದು ಮಾತನ್ನು ಗಮನಿಸಬೇಕು: ನೇಪಾಳದ ಪ್ರವಾಸಿ ವೀಸಾದಲ್ಲಿ ಕೆಲಸ ಮಾಡಲು ಅವಕಾಶವಿಲ್ಲ, ಸಂಬಳವಿಲ್ಲದ ಸೇವೆಯೂ ಅದರಲ್ಲಿ ಸೇರುತ್ತದೆ. ‘ಟೂರಿಸ್ಟ್ ವೀಸಾದಲ್ಲಿಯೇ ಬನ್ನಿ, ಯಾರೂ ಕೇಳುವುದಿಲ್ಲ’ ಎನ್ನುವ ಸಂಸ್ಥೆ ಉಳಿದ ಕಾನೂನುಗಳನ್ನೂ ಹಾಗೆಯೇ ನೋಡುತ್ತಿರುತ್ತದೆ.

ನೇಪಾಳಿ ಭಾಷೆಯನ್ನು ಎರಡು ತಿಂಗಳಾದರೂ ಕಲಿತು ಹೋಗಿ. ಅಣ್ಣನಿಗೆ ದಾಇ, ಅಕ್ಕನಿಗೆ ದಿದಿ, ತಮ್ಮನಿಗೆ ಭಾಇ, ತಂಗಿಗೆ ಬಹಿನಿ ಎನ್ನುತ್ತಾರೆ; ಸಿಬ್ಬಂದಿಯನ್ನು ಹೆಸರು ಹಿಡಿದು ಕರೆಯುವುದಕ್ಕಿಂತ ಹೀಗೆ ಕರೆಯುವುದೇ ಅಲ್ಲಿನ ಮರ್ಯಾದೆ. ವಾರದ ರಜೆ ಶನಿವಾರ. ಶಾಲಾ ವರ್ಷ ವೈಶಾಖದಲ್ಲಿ, ಅಂದರೆ ಏಪ್ರಿಲ್ ನಡುವಿನಲ್ಲಿ ಆರಂಭವಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯಿಂದ ಗುಡ್ಡ ಕುಸಿದು ರಸ್ತೆಗಳು ಮುಚ್ಚುವುದರಿಂದ ಬೆಟ್ಟದ ಜಿಲ್ಲೆಗಳ ಕೆಲಸವನ್ನು ಆ ತಿಂಗಳುಗಳಲ್ಲಿ ಇಟ್ಟುಕೊಳ್ಳಬೇಡಿ. ಲಸಿಕೆಗಳ ಬಗ್ಗೆ ವೈದ್ಯರನ್ನು ಕೇಳಿ. ನೆಗಡಿ ಜ್ವರವಿದ್ದಾಗ ಮಕ್ಕಳ ಬಳಿ ಹೋಗಬೇಡಿ.

ಏಳನೆಯ ಹೆಜ್ಜೆ: ಅಲ್ಲಿದ್ದಾಗ

ನೀವು ಸ್ಥಳೀಯ ಸಿಬ್ಬಂದಿಯ ಕೈಕೆಳಗೆ ಕೆಲಸ ಮಾಡುತ್ತಿದ್ದೀರಿ ಎಂಬುದನ್ನು ಮರೆಯಬೇಡಿ. ಯಾವ ಮಗುವಿನೊಂದಿಗೂ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬೇಡಿ. ಮಗುವನ್ನು ಪೇಟೆಗಾಗಲಿ ಹೋಟೆಲಿಗಾಗಲಿ ಕರೆದೊಯ್ಯಬೇಡಿ. ಯಾರಾದರೂ ಕರೆದೊಯ್ಯಲು ಬಿಟ್ಟರೆ ಅದನ್ನೇ ಅಪಾಯದ ಸೂಚನೆಯೆಂದು ತಿಳಿಯಿರಿ. ‘ನಿನ್ನ ಅಪ್ಪ ಅಮ್ಮ ಎಲ್ಲಿ?’ ಎಂದು ಕೇಳಬೇಡಿ. ಮತ್ತೆ ಬರುತ್ತೇನೆ, ಓದಿಸುತ್ತೇನೆ ಎಂಬ ಮಾತು ಕೊಡಬೇಡಿ. ನೀವು ಮರೆತಾಗಲೂ ಮಗು ಕಾಯುತ್ತಿರುತ್ತದೆ. ಒಬ್ಬ ಮಗುವಿಗೆ ಮಾತ್ರ ಉಡುಗೊರೆ ಕೊಡುವುದು ಬೇಡ. ತರುವುದಿದ್ದರೆ ಎಲ್ಲರಿಗೂ ಬಳಕೆಯಾಗುವುದನ್ನು ತಂದು ಸಿಬ್ಬಂದಿಯ ಕೈಗೆ ಕೊಡಿ, ಅವರೇ ಹಂಚಲಿ.

ಫೋಟೋದ ವಿಷಯದಲ್ಲಿ ನಾನು ಯಾವ ರಿಯಾಯಿತಿಯನ್ನೂ ಒಪ್ಪಲಾರೆ. ನಮ್ಮ ಬಾಲನ್ಯಾಯ ಕಾಯ್ದೆಯ 74ನೆಯ ಕಲಂ ಪೋಷಣೆ ಮತ್ತು ರಕ್ಷಣೆಯ ಅಗತ್ಯವಿರುವ ಮಗುವಿನ ಗುರುತನ್ನು ಮಾಧ್ಯಮಗಳಲ್ಲಿ ಪ್ರಕಟಿಸುವುದನ್ನು ನಿಷೇಧಿಸುತ್ತದೆ. ಹಾಗಿದ್ದೂ ಹುಟ್ಟುಹಬ್ಬದ ದಿನ ಅನಾಥಾಲಯಕ್ಕೆ ಹೋಗಿ ಕೇಕ್ ಕತ್ತರಿಸಿ, ಊಟ ಬಡಿಸುವ ಚಿತ್ರಗಳನ್ನು ಸ್ಟೇಟಸ್‌ಗೆ ಹಾಕುವ ರೂಢಿ ನಮ್ಮಲ್ಲಿ ಬೆಳೆದಿದೆ. ಆ ರೂಢಿಯನ್ನು ನೇಪಾಳಕ್ಕೆ ಒಯ್ಯಬೇಡಿ, ಇಲ್ಲಿಯೂ ಬಿಡಿ. ಇಂದು ‘ಅನಾಥ ಬಾಲಕಿ’ ಎಂಬ ಅಡಿಬರಹದೊಂದಿಗೆ ಹಾಕಿದ ಚಿತ್ರ, ಅವಳು ನರ್ಸಿಂಗ್ ಕಾಲೇಜು ಸೇರಿದಾಗಲೂ ಮದುವೆಯ ಮಾತು ಬಂದಾಗಲೂ ಅಲ್ಲಿಯೇ ಇರುತ್ತದೆ.

ತಪ್ಪು ನಡೆಯುತ್ತಿದೆ ಎಂಬ ಅನುಮಾನ ಬಂದರೆ, ಅಂದರೆ ಹೊಡೆತದ ಗುರುತು, ಊಟ ತಡೆಯುವುದು, ಹೊಸ ಮಕ್ಕಳು ಕಾಗದವಿಲ್ಲದೆ ಬಂದಿಳಿಯುವುದು, ಮನೆಯವರ ಭೇಟಿಗೆ ಬಿಡದಿರುವುದು ಇಂಥವು ಕಂಡರೆ, ದಿನಾಂಕದೊಂದಿಗೆ ನಿಮ್ಮ ಕಣ್ಣಾರೆ ಕಂಡದ್ದನ್ನಷ್ಟೇ ಬರೆದಿಟ್ಟುಕೊಳ್ಳಿ. ಸಂಸ್ಥೆಯ ಮಾಲೀಕರೊಂದಿಗೆ ಜಗಳಕ್ಕೆ ನಿಲ್ಲಬೇಡಿ. ಅವರು ಆ ರಾತ್ರಿಯೇ ಮಕ್ಕಳನ್ನು ಬೇರೆಡೆಗೆ ಸಾಗಿಸಬಹುದು. ಮಕ್ಕಳನ್ನು ನೀವೇ ‘ಪಾರುಮಾಡಲು’ ಹೋಗಬೇಡಿ. ನೇಪಾಳದ ಮಕ್ಕಳ ಸಹಾಯವಾಣಿಯ ಸಂಖ್ಯೆಯೂ ನಮ್ಮದರಂತೆ 1098. ಕರೆ ಮಾಡಿ, ಬರೆದಿಟ್ಟದ್ದನ್ನು ಬಾಲ ಅಧಿಕಾರ ಪರಿಷತ್ತಿಗೂ ಕೊಡಿ.

ಎಂಟನೆಯ ಹೆಜ್ಜೆ: ಹೊರಡುವಾಗ ಮತ್ತು ಆಮೇಲೆ

ಹೊರಡುವ ದಿನವನ್ನು ಮೊದಲೇ ಎಲ್ಲರಿಗೂ ತಿಳಿಸಿ, ಮಾಡಿದ ಕೆಲಸವನ್ನು ಕಲಿತು ಮುಂದುವರಿಸುವ ಒಬ್ಬ ಸ್ಥಳೀಯರಿಗೆ ಎಲ್ಲವನ್ನೂ ಒಪ್ಪಿಸಿ. ನೀವು ಹೋದ ಮರುದಿನ ನಿಲ್ಲುವ ಕೆಲಸವನ್ನು ಆರಂಭಿಸದಿರುವುದೇ ಮೇಲು. ಮಕ್ಕಳೊಂದಿಗೆ ಖಾಸಗಿಯಾಗಿ ಫೋನ್ ಸಂಪರ್ಕ ಇಟ್ಟುಕೊಳ್ಳಬೇಡಿ. ಪತ್ರವಿದ್ದರೆ ಸಂಸ್ಥೆಯ ಮೂಲಕ ಹೋಗಲಿ.

ಊರಿಗೆ ಮರಳಿದ ಮೇಲೂ, ಅಥವಾ ಅಲ್ಲಿಗೆ ಹೋಗಲು ಆಗದೆಯೇ ಉಳಿದರೂ, ನೇಪಾಳದ ಮಗುವೊಂದು ಕುಟುಂಬದಿಂದ ದೂರವಾಗದಂತೆ ಮಾಡುವ ಕೆಲಸ ಬೆಂಗಳೂರಿನಲ್ಲಿಯೇ ಇದೆ. ನಮ್ಮ ಅಪಾರ್ಟ್‌ಮೆಂಟುಗಳ ಕಾವಲಿನಲ್ಲಿ, ಹೋಟೆಲುಗಳ ಅಡುಗೆಮನೆಗಳಲ್ಲಿ ದುಡಿಯುವ ನೇಪಾಳಿಗಳಲ್ಲಿ ಹಲವರು ಪಶ್ಚಿಮದ ಬಡ ಜಿಲ್ಲೆಗಳಿಂದ ಬಂದವರು. ಇಲ್ಲಿ ಶಾಲೆಗೆ ಸೇರಿಸುವ ಬಗೆ ತಿಳಿಯದೆ ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟು ಬಂದವರೂ ಅವರಲ್ಲಿದ್ದಾರೆ. ದಲ್ಲಾಳಿಯ ಮಾತಿಗೆ ಮೊದಲು ಒಳಗಾಗುವುದು ಇಂಥ ಮನೆಗಳೇ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದ ಮಗುವಿಗೆ ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ. ಜೂನ್ ಮೊದಲ ವಾರದಲ್ಲಿ ಆ ತಂದೆತಾಯಿಯೊಂದಿಗೆ ಹತ್ತಿರದ ಸರ್ಕಾರಿ ಶಾಲೆಗೆ ಹೋಗಿ ಮುಖ್ಯ ಶಿಕ್ಷಕರನ್ನು ಕಾಣಿರಿ, ಅರ್ಜಿಯನ್ನು ತುಂಬಿಕೊಡಿ. ಚಿಕ್ಕ ಮಗುವಾದರೆ ನಲಿ-ಕಲಿ ತರಗತಿಯಲ್ಲಿ ಆಟವಾಡುತ್ತಲೇ ಕನ್ನಡ ಬರುತ್ತದೆ. ದೊಡ್ಡ ಮಗುವಾದರೆ ಮೊದಲ ಆರು ತಿಂಗಳು ಸಂಜೆ ಒಂದು ಗಂಟೆ ಕನ್ನಡ ಓದಿಸುವವರು ಬೇಕಾಗುತ್ತದೆ, ಮತ್ತು ಅದನ್ನು ತಂದೆತಾಯಿಯ ಎದುರಿನಲ್ಲಿ, ಅವರ ಮನೆಯ ಹೊಸ್ತಿಲಲ್ಲಿಯೇ ಕುಳಿತು ಮಾಡಬಹುದು.